ಕುದುರೆಗೆ ಜಾಗ ಮಾಡೋರು ಮೊದಲು ಮಳೆ ನೀರು ಎಲ್ಲಿ ಹರಿಯುತ್ತೆ ನೋಡಿ (ನನ್ನ ಅನುಭವ)

ದೊಡ್ಡಬಳ್ಳಾಪುರದ ಕಡೆ ನಮ್ದು ಎರಡು ಎಕರೆ ಹತ್ತು ಗುಂಟೆ ಜಮೀನಿದೆ, ಅಲ್ಲಿ ಎರಡು ಕುದುರೆ ಸಾಕಿದೀನಿ, ಎರಡೂ ರೇಸ್ ಬಿಟ್ಟು ಬಂದಿರೋ ಥರೋಬ್ರೆಡ್‌ಗಳು, ಅಂದ್ರೆ ರೇಸ್ ಕುದುರೆ ತಳಿ. ತುಂಬ ಜನ ಲಾಯ ಹೆಂಗ್ ಕಟ್ಟಿಸಿದ್ರಿ, ಎಷ್ಟ್ ಅಳತೆ ಅಂತ ಕೇಳ್ತಾರೆ. ಅಳತೆ ಆಮೇಲೆ ಹೇಳ್ತೀನಿ, ಮೊದಲು ನೀರಿನ ವಿಷಯ.

ನಾನು ಮೊದಲ ಸಲ ಲಾಯ ಕಟ್ಟಿಸಿದ್ದು ರಸ್ತೆ ಪಕ್ಕ, ಬೋರ್‌ವೆಲ್ ಹತ್ರ, ಹುಲ್ಲಿನ ಗಾಡಿ ಸೀದಾ ಒಳಗೆ ಬರ್ಲಿ ಅಂತ. ಅದು ಜಮೀನಿನ ತಗ್ಗು ಜಾಗ ಅಂತ ಬೇಸಿಗೇಲಿ ಕಣ್ಣಿಗೆ ಬೀಳ್ಲೇ ಇಲ್ಲ. ನಮ್ ಕಡೆ ಜೋರು ಮಳೆ ಬರೋದೇ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಮೇಲಿನ ಹೊಲದ ನೀರೆಲ್ಲ ಬಂದು ಲಾಯದ ಮುಂದೆ ನಿಂತ್ಕೊಳ್ತು. ಒಂದು ಸಂಜೆ ಹೆಣ್ಣು ಕುದುರೆ ಹಿಂಗಾಲು ಎತ್ತಿ ಗೊರಸು ಕ್ಲೀನ್ ಮಾಡ್ತಿದ್ದೆ, ಅಡಿಯ ಮಧ್ಯ ಮೆತ್ತಗೆ ತ್ರಿಕೋನದ ಥರ ಇರುತ್ತಲ್ಲ, ಫ್ರಾಗ್ ಅಂತಾರೆ, ಅದರ ಪಕ್ಕದ ಸೀಳಿಗೆ ಪಿಕ್ (ಗೊರಸು ಕೆರೆಯೋ ಕೊಕ್ಕೆ) ಹಾಕಿದ್ರೆ ಕಪ್ಪಗೆ ರಾಡಿ ಬಂತು, ವಾಸನೆ ಅಂದ್ರೆ ಸತ್ತ ಇಲಿ ವಾಸನೆ, ಅವಳು ನೋವಿಗೆ ಕಾಲು ಕಿತ್ಕೊಂಡ್ಳು. ಥ್ರಶ್ ಅದು, ಒದ್ದೆ ನೆಲದಲ್ಲಿ ನಿಂತೂ ನಿಂತೂ ಬರೋದು. ನಮ್ಮ ಸೈಸ್, ಅಂದ್ರೆ ಕುದುರೆ ನೋಡ್ಕೊಳ್ಳೋನು, ಒಂದೇ ಮಾತು ಹೇಳ್ದ, "ಸಾರ್, ಔಷಧಿ ನಾನ್ ಹಾಕ್ತೀನಿ, ನೆಲ ಒಣಗ್ದೆ ಇದ್ರೆ ಇದು ಮತ್ತೆ ಬರುತ್ತೆ."

ಮಾರನೇ ವರ್ಷ ಮಳೆಗಾಲ ಪೂರ್ತಿ ಏನೂ ಕಟ್ಟಿಸ್ಲಿಲ್ಲ. ಮಳೆ ಬಂದಾಗೆಲ್ಲ ಕೊಡೆ ಹಿಡ್ಕೊಂಡು ಹೋಗಿ ನೀರು ಹರಿಯೋ ಕಡೆ ಒಂದೊಂದು ಗೂಟ ನೆಟ್ಟೆ. ಆ ಗೂಟಗಳೇ ನನ್ನ ಪ್ಲಾನ್ ಆಯ್ತು. ಲಾಯ ಮೇಲಿನ ಕೆಂಪು ಮಣ್ಣಿನ ದಿಬ್ಬಕ್ಕೆ ಹೋಯ್ತು, ಒಂದೂವರೆ ಅಡಿ ಪಾಯ ಎತ್ತರಿಸಿದ್ವಿ, ಅದಕ್ಕೂ ಮೇಲ್ಗಡೆ ಅಡ್ಡ ಒಂದು ಕಾಲುವೆ ತೆಗೆದು ನೀರನ್ನ ದೂರದ ಕೃಷಿ ಹೊಂಡಕ್ಕೆ ಬಿಟ್ವಿ. ಹೊಂಡ ದೂರ ಇರ್ಲೇಬೇಕು, ಯಾಕಂದ್ರೆ ಸರ್ರಾ ಅನ್ನೋ ರಕ್ತದ ರೋಗ ಹರಡೋ ರಕ್ತ ಹೀರೋ ದೊಡ್ಡ ನೊಣ ಹುಟ್ಟೋದು ಕೆಸರು ಜೌಗಲ್ಲೇ.

ಈಗ ಅಳತೆ. ಒಂದೊಂದು ಕುದುರೆಗೆ 12 ಅಡಿ ಉದ್ದ 12 ಅಡಿ ಅಗಲ, ಬಾಗಿಲು 4 ಅಡಿ, ಸೂರು 12 ಅಡಿಗಿಂತ ಮೇಲೆ. ಪಶ್ಚಿಮಕ್ಕೆ ಪೂರ್ತಿ ಗೋಡೆ, ಉತ್ತರ ದಕ್ಷಿಣ ಗಾಳಿ ಆಡೋ ಹಾಗೆ ತೆರೆದಿದೆ, ಆದ್ರೆ ಇರಚಲು ಹೊಡೀಬಾರ್ದು ಅಂತ ಸೂರು ಉದ್ದಕ್ಕೆ ಚಾಚಿದೆ. ಶೀಟ್ ಬೇಡ ಅಂತ ಮಂಗಳೂರು ಹೆಂಚೇ ಹಾಕ್ಸಿದೀನಿ, ಏಪ್ರಿಲ್ ಬಿಸಿಲಲ್ಲಿ ಒಳಗೆ ನಿಂತು ನೋಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ. ನಡುವಿನ ಗೋಡೆ ಅರ್ಧ ಮಾತ್ರ, ಮೇಲೆ ಕಂಬಿ, ಒಂದನ್ನೊಂದು ನೋಡ್ತಿದ್ರೇನೇ ಅವಕ್ಕೆ ನೆಮ್ಮದಿ. ನೆಲಕ್ಕೆ ಕಾಂಕ್ರೀಟ್, ಹಿಂದಕ್ಕೆ ಸಣ್ಣ ಇಳಿಜಾರು, ಮೇಲೆ ರಬ್ಬರ್ ಮ್ಯಾಟ್.

ಬೇಲಿ ವಿಷಯದಲ್ಲಿ ದಯವಿಟ್ಟು ಮುಳ್ಳುತಂತಿ ಇಟ್ಕೋಬೇಡಿ. ಹಸು ತಂತಿ ಕಂಡ್ರೆ ನಿಂತ್ಕೊಳ್ಳುತ್ತೆ, ಕುದುರೆ ಬೆದರಿದ್ರೆ ಅದರ ಮೇಲೇ ಹೋಗುತ್ತೆ, ಚರ್ಮ ಹರಿದು ಮೂಳೆ ಕಾಣೋವರೆಗೂ. ನಾನು ಹಳೇ ತಂತಿ ಎಲ್ಲ ಕಿತ್ತು ನೀಲಗಿರಿ ಮರದ ಅಡ್ಡಪಟ್ಟಿ ಹೊಡಿಸ್ದೆ. ಪಟ್ಟಿ ಕಂಬದ ಒಳಗಡೆ, ಅಂದ್ರೆ ಕುದುರೆ ಇರೋ ಕಡೆ ಬರ್ಬೇಕು, ಹೊರಗಡೆ ಹೊಡೆದ್ರೆ ಅದು ಒರಗಿದ ತಕ್ಷಣ ಮೊಳೆ ಕಿತ್ಕೊಂಡು ಬರುತ್ತೆ. ಮೂಲೆಗಳನ್ನ ದುಂಡಗೆ ಮಾಡ್ದೆ, ಒಂದು ಇನ್ನೊಂದನ್ನ ಮೂಲೇಲಿ ಸಿಕ್ಕಿಸಿ ಒದೀಬಾರ್ದು ಅಂತ. ಬೇಲಿ ಸಾಲಲ್ಲಿ ಕಣಗಿಲೆ, ಹರಳು ಗಿಡ ಇದ್ವು, ಬೇರು ಸಮೇತ ತೆಗೆಸ್ದೆ, ಎರಡೂ ವಿಷ.

ಮೇಯೋಕೆ ಮುಕ್ಕಾಲು ಎಕರೆ ರೋಡ್ಸ್ ಹುಲ್ಲು, ಒಂದು ಪಟ್ಟಿ ಕುದುರೆ ಮೆಂತ್ಯ (ಲೂಸರ್ನ್ ಮೇವು). ಪಕ್ಕದ ಹೊಲದವರು ಸೀಮೆಹುಲ್ಲು ಹಾಕಪ್ಪ ಚೆನ್ನಾಗಿ ಬರುತ್ತೆ ಅಂದ್ರು, ಆದ್ರೆ ಅದನ್ನೇ ದಿನಾ ತಿಂದ್ರೆ ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಹಿಡ್ಕೊಳ್ಳುತ್ತೆ, ಮುಖದ ಮೂಳೆ ಊದ್ಕೊಳ್ಳುತ್ತೆ, ಹಂಗಾಗಿ ಬೇಡ ಅಂದೆ. ಮಳೆ ದಿನ ಹುಲ್ಲುಗಾವಲಿಗೆ ಬಿಡಲ್ಲ, ಗೊರಸಿಗೆ ಸಿಕ್ಕಿ ಎಲ್ಲ ಕೆಸರಾಗುತ್ತೆ. ಅದಕ್ಕೇ ಲಾಯದ ಪಕ್ಕ 60 ಅಡಿಗೆ 40 ಅಡಿ ಮರಳಿನ ಅಂಗಳ ಇದೆ. ಅಲ್ಲಿ ಹುಲ್ಲು ಕೊಡೋದು ತೊಟ್ಟೀಲೇ, ನೆಲದ ಮೇಲೆ ಹಾಕಿದ್ರೆ ಮರಳೂ ಹೊಟ್ಟೆಗೆ ಹೋಗಿ ಕೋಲಿಕ್, ಅಂದ್ರೆ ಜೋರು ಹೊಟ್ಟೆನೋವು ಆಗುತ್ತೆ, ಕುದುರೆಗೆ ವಾಂತಿ ಮಾಡೋಕೂ ಆಗಲ್ಲ ಪಾಪ. ಹುರುಳಿ ಬೂಸಾ ಇಡೋ ರೂಮಿಗೆ ಬೀಗ ಹಾಕಿರೋದೂ ಇದಕ್ಕೇ, ನುಗ್ಗಿ ಜಾಸ್ತಿ ತಿಂದ್ರೂ ಕೋಲಿಕ್ಕೇ.

ಲದ್ದಿ ಎರಡರದ್ದೂ ಸೇರಿ ದಿನಕ್ಕೆ 40 ಕೆಜಿ ಹತ್ರ ಬರುತ್ತೆ. ಗುಂಡಿ ಇಳಿಜಾರಿನ ಕೆಳಗೆ, ಬೋರ್‌ವೆಲ್‌ಗೆ ದೂರ.

ಹೋದ ಅಕ್ಟೋಬರ್‌ನಲ್ಲಿ ಮೂರು ದಿನ ಬಿಡದೆ ಮಳೆ ಬಂತು. ನಾಲ್ಕನೇ ದಿನ ಬೆಳಿಗ್ಗೆ ಅದೇ ಹಿಂಗಾಲು ಎತ್ತಿ ನೋಡ್ದೆ, ಸೀಳೆಲ್ಲ ಒಣಗಿತ್ತು, ವಾಸನೆ ಇಲ್ಲ, ಅವಳು ಆರಾಮಾಗಿ ಕಾಲು ಕೊಟ್ಟು ನಿಂತಿದ್ಳು. ಗೇಟ್ ಹತ್ರ ಮಾತ್ರ ಇನ್ನೂ ಸ್ವಲ್ಪ ನೀರು ನಿಲ್ಲುತ್ತೆ, ಎರಡೂ ಅಲ್ಲೇ ಬಂದು ಊಟಕ್ಕೆ ಕಾಯ್ತಾವೆ, ಈ ಬೇಸಿಗೇಲಿ ಅಲ್ಲಿ ಅಗೆಸಿ ದಪ್ಪ ಜಲ್ಲಿ ತುಂಬಿಸ್ಬೇಕು.