ಮಿಕ್ಸಿ ನಿಂತ್ರೆ ತಕ್ಷಣ ಗುಜರಿಗೆ ಹಾಕ್ಬೇಡಿ

ಮಿಕ್ಸಿ ಆನ್ ಆಗ್ತಿಲ್ಲ ಅಂದ್ರೆ ಮೊದ್ಲು ಪ್ಲಗ್ ತೆಗ್ದು ತಳ ನೋಡಿ, ಸಾಮಾನ್ಯವಾಗಿ ಅಲ್ಲೊಂದು ಕೆಂಪು ಬಟನ್ ಇರುತ್ತೆ, ಹಿಟ್ಟು ತೀರಾ ಗಟ್ಟಿಯಾಗಿ ರುಬ್ಬಿದಾಗ ಲೋಡ್ ಜಾಸ್ತಿಯಾಗಿ ಟ್ರಿಪ್ ಆಗಿರುತ್ತೆ, ಸ್ವಲ್ಪ ಹೊತ್ತು ತಣ್ಣಗಾಗೋಕೆ ಬಿಟ್ಟು ಅದನ್ನ ಒತ್ತಿ. ಮೋಟಾರ್ ತಿರುಗುತ್ತೆ, ಬ್ಲೇಡ್ ತಿರುಗಲ್ವಾ? ಕಪ್ಲರ್ (ಮೋಟಾರನ್ನ ಜಾರಿಗೆ ಜೋಡಿಸೋ ಹಲ್ಲಿನ ತುಂಡು) ಸವೆದಿರುತ್ತೆ. ಬಹಳಷ್ಟು ಮಿಕ್ಸಿಗಳಲ್ಲಿ ಅದರ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದ್ರೆನೇ ಬಿಚ್ಚೋದು. ಒಳಗೆ ಕಿಡಿ ಜಾಸ್ತಿ ಹಾರ್ತಿದ್ರೆ ಕಾರ್ಬನ್ ಬ್ರಷ್ (ತಿರುಗೋ ಮೋಟಾರಿಗೆ ಕರೆಂಟ್ ಮುಟ್ಟಿಸೋ ಎರಡು ಪುಟ್ಟ ತುಂಡು) ನೋಡ್ಸಿ, ಸವೆದಿದ್ರೆ ಎರಡನ್ನೂ ಒಟ್ಟಿಗೆ ಹೊಸದು ಹಾಕ್ಸಿ. ಮೋಟಾರೇ ಸುಟ್ಟಿದ್ರೆ ಮಾತ್ರ ಲೆಕ್ಕ ಹಾಕಿ, ರಿವೈಂಡಿಂಗ್ (ಮೋಟಾರಿನ ತಂತಿ ಹೊಸದಾಗಿ ಸುತ್ತಿಸೋದು) ರೇಟು ಹೊಸ ಮಿಕ್ಸಿ ರೇಟಿನ ಅರ್ಧ ದಾಟಿದ್ರೆ ನಾನಂತೂ ಬೇಡ ಅಂತೀನಿ. ಹಳೇದನ್ನ ಕಸದ ಗಾಡಿಗೆ ಹಾಕ್ಬೇಡಿ, ತಾಮ್ರಕ್ಕೋಸ್ಕರ ವೈರ್ ಸುಡೋರಿಗೂ ಕೊಡ್ಬೇಡಿ (ಆ ಹೊಗೆ ವಿಷ), ಇ-ವೇಸ್ಟ್ ಕಲೆಕ್ಷನ್ ಸೆಂಟರಿಗೆ ಕೊಡಿ.