ಕಲಬುರಗಿ ಬಿಸಿಲಲ್ಲಿ ಶ್ರುತಿ ನಿಲ್ಲಿಸಿದ್ದು

ಪ್ರತಿ ಅಮಾವಾಸ್ಯೆಗೆ ನಮ್ಮ ಓಣಿಯ ಮಠದಲ್ಲಿ ಭಜನೆ ಇರುತ್ತದೆ. ಊಟ ಮುಗಿಸಿ ಕೂತರೆ ಬೆಳಗಿನ ಜಾವದವರೆಗೆ ಹಾಡು. ಕಡಕೋಳ ಮಡಿವಾಳಪ್ಪನವರ ತತ್ವಪದಗಳೇ ಜಾಸ್ತಿ. ಏಕತಾರಿ, ದಮ್ಮಡಿ, ತಾಳ, ಒಂದು ಪೇಟಿ (ಹಾರ್ಮೋನಿಯಂ) ಇಷ್ಟೇ ಸಾಮಾನು. ಏಕತಾರಿ ನಮ್ಮ ಕಾಕಾನ ಕೈಯಲ್ಲಿ ಇರುತ್ತಿತ್ತು. ಮೂರು ವರ್ಷದ ಹಿಂದೆ ಅವರ ಬೆರಳಿನ ಕೀಲು ಹಿಡಿದುಕೊಂಡಿತು. ಮೀಟುವುದು ಕಷ್ಟವಾಯಿತು.

ಫೋನಿನಲ್ಲಿ ಒಂದು ತಂಬೂರಿ ಆ್ಯಪ್ ಹಚ್ಚಿಕೊಟ್ಟೆ. ಐದು ನಿಮಿಷ ಕೇಳಿದರು. ಫೋನ್ ವಾಪಸ್ ಕೊಟ್ಟರು.

"ತಮ್ಮಾ, ಇದು ಕಾಳಿ ಒಂದಕ್ಕ ನಿಲ್ತದ, ಇಲ್ಲಾ ಬಿಳಿ ಎರಡಕ್ಕ ನಿಲ್ತದ. ನನ್ನ ದನಿ ಇವೆರಡರ ನಡುವ ಅದ."

ಕಾಳಿ ಒಂದು, ಬಿಳಿ ಎರಡು ಅಂದರೆ ಪೇಟಿಯ ಪಕ್ಕಪಕ್ಕದ ಎರಡು ಮನೆ: ಮೊದಲ ಕರಿ, ಎರಡನೇ ಬಿಳಿ.

ಹಗಲು ನಾನು ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುತ್ತೇನೆ. ಬೆಸುಗೆ ಹಾಕುವುದು ಗೊತ್ತು, ಸರ್ಕ್ಯೂಟ್ ಓದುವುದು ಗೊತ್ತು. ಕಾಕಾನ ದನಿಗೆ ತಾನೇ ಬಂದು ಕೂರುವ ಒಂದು ಪೆಟ್ಟಿಗೆ ಮಾಡಬೇಕು ಅಂತ ಅವತ್ತು ಹೊಳೆಯಿತು. ಆರು ತಿಂಗಳ ಕೆಲಸ ಅಂದುಕೊಂಡಿದ್ದೆ. ಎರಡೂವರೆ ವರ್ಷ ಹಿಡಿಯಿತು.

ಮೊದಲು ಅನಲಾಗ್ ಸಿಂಥಸೈಜರ್, ಅಂದರೆ ವೋಲ್ಟೇಜಿನಿಂದ ಸ್ವರ ಹುಟ್ಟಿಸುವ ವಾದ್ಯದ ದಾರಿ ಹಿಡಿದೆ. ಅದರ ದನಿ ನನಗೆ ಬಹಳ ಇಷ್ಟ. ಅದರಲ್ಲಿ ವೋಲ್ಟೇಜ್ ಒಂದು ವೋಲ್ಟ್ ಏರಿದರೆ ಸ್ವರ ಒಂದು ಸಪ್ತಕ ಏರಬೇಕು. ಆ ಲೆಕ್ಕವನ್ನು ಒಂದು ಜೋಡಿ ಟ್ರಾನ್ಸಿಸ್ಟರ್ ಮಾಡುತ್ತದೆ. ಅದಕ್ಕೆ ಬಿಸಿ ತಾಗಿದರೆ ಲೆಕ್ಕ ತಪ್ಪುತ್ತದೆ. ಒಂದೊಂದು ಡಿಗ್ರಿಗೆ ಸುಮಾರು ಶೇ. 0.33ರಷ್ಟು. ಓದುವಾಗ ಇದು ಚಿಕ್ಕ ಸಂಖ್ಯೆ ಅನಿಸಿತು. ಆದರೆ ನಮ್ಮೂರಿನ ಮೇ ತಿಂಗಳು ನಿಮಗೆ ಗೊತ್ತಲ್ವಾ. ಬೆಳಗ್ಗೆ ಆರಕ್ಕೆ 28 ಡಿಗ್ರಿಯಲ್ಲಿ ಕೂತು ಸಪ್ತಕ ಸರಿಯಾಗಿ ಹೊಂದಿಸಿದೆ. ಮಧ್ಯಾಹ್ನ ಅದೇ ಕೋಣೆಯಲ್ಲಿ 42. ಸಪ್ತಕ ಐವತ್ತಕ್ಕೂ ಹೆಚ್ಚು ಸೆಂಟ್ ಕಡಿಮೆ ಬಿದ್ದಿತ್ತು. ಪೇಟಿಯ ಎರಡು ಪಕ್ಕದ ಮನೆಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಅಂದರೆ ಅರ್ಧ ಮನೆ ಹೋಯಿತು. ಬಿಸಿಗೆ ತಕ್ಕಂತೆ ಬದಲಾಗಿ ಇದನ್ನು ಸರಿದೂಗಿಸುವ ರೆಸಿಸ್ಟರ್ ಇದೆ. ಇಲ್ಲಿನ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ನಾಳೆ ಕೆಟ್ಟರೆ ಇಲ್ಲಿ ಸಿಗದ ಭಾಗ ಹಾಕಿ ಏನು ಮಾಡುವುದು? ಆ ದಾರಿ ಬಿಟ್ಟೆ.

ನಂತರ ರಾಸ್ಪ್‌ಬೆರಿ ಪೈ ಪಿಕೊ ತೆಗೆದುಕೊಂಡೆ. ಬೆರಳುದ್ದದ ಕಂಪ್ಯೂಟರ್ ಬೋರ್ಡ್. ಅದರ ಗಡಿಯಾರ ಕ್ರಿಸ್ಟಲ್ ಮೇಲೆ ನಡೆಯುತ್ತದೆ. ಬಿಸಿಲಿಗೆ ಅದು ಜರುಗುವುದು ಹತ್ತು ಲಕ್ಷಕ್ಕೆ ಕೆಲವು ಹತ್ತರಷ್ಟು. ಒಂದು ಸೆಂಟಿನ ಹತ್ತನೇ ಒಂದು ಪಾಲು ಸಹ ಆಗುವುದಿಲ್ಲ. ಶ್ರುತಿ ನಿಂತಿತು. ಆದರೆ ತಂತಿಯ ದನಿ ಎಲ್ಲಿಂದ ತರುವುದು?

ಅದಕ್ಕೆ ಉತ್ತರ 1983ರಲ್ಲೇ ಬಂದಿತ್ತು. ಕೆವಿನ್ ಕಾರ್‌ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ ಅವರ ಉಪಾಯ ಅದು. ನನಗೆ ಇಂದಿಗೂ ಅದು ಜಾದೂ. ಮೆಮೊರಿಯಲ್ಲಿ ಒಂದು ಸಾಲು ಸಂಖ್ಯೆಗಳನ್ನು ಇಡಿ, ಒಂದೊಂದು ಸಂಖ್ಯೆಗೆ ಒಂದೊಂದು ಮನೆ. ಅದರಲ್ಲಿ ಸುಮ್ನೆ ಗದ್ದಲ ತುಂಬಿ. ಸಾಲನ್ನು ಸುತ್ತಿಸುತ್ತಾ ಪಕ್ಕಪಕ್ಕದ ಎರಡು ಸಂಖ್ಯೆಗಳ ಸರಾಸರಿ ತೆಗೆದು ಅಲ್ಲೇ ಬರೆಯುತ್ತಾ ಹೋಗಿ. ಮೀಟಿದ ತಂತಿಯ ದನಿ ಬರುತ್ತದೆ! ಮೊದಲು ಚುರುಕಾಗಿ, ಆಮೇಲೆ ಮೃದುವಾಗಿ, ನಿಧಾನಕ್ಕೆ ಆರುತ್ತದೆ. ಸಾಲು ಎಷ್ಟು ಉದ್ದ ಅನ್ನುವುದೇ ಸ್ವರ. ಸೆಕೆಂಡಿಗೆ 44,100 ಮಾದರಿ, ಅಂದರೆ ಅಷ್ಟು ಸಂಖ್ಯೆ ದನಿಯಾಗಿ ಹೊರಬರುವ ಲೆಕ್ಕದಲ್ಲಿ 300 ಮನೆಗಳ ಸಾಲಿಗೆ 147 ಹರ್ಟ್ಸ್ ಬರುತ್ತದೆ. ಹೆಚ್ಚುಕಡಿಮೆ ಬಿಳಿ ಎರಡು.

ಕಾಕಾಗೆ ಕೇಳಿಸಿದೆ. ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಅವರ ದನಿಗೆ ಹೊಂದಿಸಲು ಹೋದೆ. 300 ಮನೆ ಇದ್ದದ್ದನ್ನು 301 ಮಾಡಿದೆ. ಸ್ವರ ಒಮ್ಮೆಗೇ ಸುಮಾರು 6 ಸೆಂಟ್ ಕೆಳಗೆ ಹಾರಿತು. ಮೇಲಿನ ಸಪ್ತಕದ ಗಂಧಾರದ ಹತ್ತಿರ ಸಾಲು 120 ಮನೆ ಮಾತ್ರ. ಅಲ್ಲಿ ಒಂದು ಮನೆ ಅಂದರೆ 14 ಸೆಂಟ್. ಕಾಕಾ ಕೇಳಿದ್ದ "ನಡುವ" ಮತ್ತೆ ಸಿಗಲಿಲ್ಲ. ಪೂರ್ತಿ ಮನೆಗಳ ಲೆಕ್ಕ ಸಾಲದು, ಮುನ್ನೂರೂಕಾಲು ಅನ್ನುವಂಥ ಕಾಲು, ಅರ್ಧ ಮನೆಯೂ ಬೇಕಿತ್ತು. ಎರಡು ಮನೆಗಳ ನಡುವೆ ನೇರ ಗೆರೆ ಎಳೆದು ಅಂದಾಜು ಮಾಡಿದೆ. ಸ್ವರ ಸರಿ ಬಂತು, ದನಿ ಮಂಕಾಯಿತು. ಈ ಲೆಕ್ಕ ಮೇಲಿನ ಕಂಪನಗಳನ್ನು ತಿನ್ನುತ್ತದೆ. ಆಮೇಲೆ ಆಲ್‌ಪಾಸ್ ಫಿಲ್ಟರ್ ಹಾಕಿದೆ. ಅದು ದನಿಯ ಬಣ್ಣ ಮುಟ್ಟದೆ ತಡವನ್ನಷ್ಟೇ ಜರುಗಿಸುತ್ತದೆ. ಈಗ ಪಿಕೊ ಒಂದೊಂದು ಸೆಂಟ್ ಜರುಗತೊಡಗಿತು.

ಮುಂದಿನ ಪಾಠ ಪಂಚಮದ್ದು. ಪೇಟಿಯ ಹಾಗೆ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಪಂಚಮವನ್ನು 700 ಸೆಂಟಿಗೆ ಇಟ್ಟಿದ್ದೆ. ಷಡ್ಜದ ಜೊತೆ ಹಚ್ಚಿದ ತಕ್ಷಣ ಕಾಕಾ ಕಣ್ಣು ತೆರೆದರು.

"ಅಲ್ಲಾಡಕತ್ತದ ನೋಡು."

ನನಗೆ ಏನೂ ಕೇಳಿಸಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಷಡ್ಜ 146.83 ಹರ್ಟ್ಸ್ ಇದ್ದರೆ ಅದರ ಮೂರರಷ್ಟು 440.5. ಸಮಪಾಲಿನ ಪಂಚಮ 220, ಅದರ ಎರಡರಷ್ಟು 440. ಅರ್ಧ ಹರ್ಟ್ಸ್ ವ್ಯತ್ಯಾಸ. ಅಂದರೆ ಎರಡು ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ಅವರು ಹೇಳಿದ ಅಲ್ಲಾಟ ಇದೇ. ಪಂಚಮವನ್ನು ಷಡ್ಜದ ಸರಿಯಾಗಿ ಒಂದೂವರೆ ಪಟ್ಟು ಮಾಡಿದೆ, 702 ಸೆಂಟ್ ಆಯಿತು. ನೀರು ನಿಂತ ಹಾಗೆ ನಿಂತಿತು. ಗಂಧಾರವನ್ನೂ ಒಂದೂಕಾಲು ಪಟ್ಟಿಗೆ ತಂದೆ. ಪೇಟಿಯ ಗಂಧಾರಕ್ಕಿಂತ ಅದು 14 ಸೆಂಟ್ ಕೆಳಗೆ ಕೂರುತ್ತದೆ. ಆ ರಾತ್ರಿಯಿಂದ ಪ್ರತಿ ಬದಲಾವಣೆಯನ್ನೂ ಮೊದಲು ಕಾಕಾಗೆ ಕೇಳಿಸಿಯೇ ಮುಂದೆ ಹೋದೆ. ನನ್ನ ಹತ್ತಿರ ಇದ್ದ ಯಾವ ಮೀಟರಿಗಿಂತಲೂ ಅವರ ಕಿವಿ ಸೂಕ್ಷ್ಮ.

ಝೇಂಕಾರಕ್ಕೇ ನಾಲ್ಕು ತಿಂಗಳು ಹೋಯಿತು. ತಂಬೂರಿಯ ಕುದುರೆ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆ ಇಡುತ್ತಾರಲ್ಲ, ಅದರಿಂದ ತಂತಿ ಕುದುರೆಯನ್ನು ಸವರುತ್ತಾ ಕಂಪಿಸುತ್ತದೆ. ತಂತಿ ಜೋರಾಗಿ ಆಡುವಾಗ ಒಂದಿಷ್ಟು ಗಿಡ್ಡವಾಗುತ್ತದೆ, ಮೆಲ್ಲಗಾದಾಗ ಉದ್ದವಾಗುತ್ತದೆ. ಇದನ್ನೇ ಕೋಡಿನಲ್ಲಿ ಬರೆದೆ. ದನಿ ಜೋರಿದ್ದಾಗ ಸಾಲಿನ ಉದ್ದ ಕೂದಲೆಳೆಯಷ್ಟು ಕಡಿಮೆ. ಪಿಕೊದ ಆರ್‌ಪಿ2040 ಚಿಪ್‌ನಲ್ಲಿ ದಶಮಾಂಶದ ಲೆಕ್ಕಕ್ಕೆ ಬೇರೆ ಯಂತ್ರ ಇಲ್ಲ. 133 ಮೆಗಾಹರ್ಟ್ಸ್‌ನಲ್ಲಿ ಒಂದು ಮಾದರಿಗೆ ಸಿಗುವುದು ಸುಮಾರು 3,000 ಚಕ್ರ, ಅಂದರೆ ಚಿಪ್‌ನ ಗಡಿಯಾರದ ಹೆಜ್ಜೆ. ನಾಲ್ಕು ತಂತಿಯನ್ನು ಅದರಲ್ಲೇ ಮುಗಿಸಬೇಕು. ಎಲ್ಲವನ್ನೂ ಪೂರ್ಣಾಂಕದಲ್ಲಿ ಮತ್ತೆ ಬರೆದೆ. ಆಮೇಲೆ ಜಾಗ ಮಿಕ್ಕಿತು.

ಇಲ್ಲಿ ಒಂದು ಋಣ ಹೇಳಲೇಬೇಕು. ಫ್ರಾನ್ಸಿನ ಸಿಂಥಸೈಜರ್ ಕಂಪನಿ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ತನ್ನ ಮಾಡ್ಯೂಲ್‌ಗಳ ಕೋಡನ್ನೂ ಸರ್ಕ್ಯೂಟನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಅವರ ರಿಂಗ್ಸ್ ಮಾಡ್ಯೂಲಿನ ಕೋಡ್ ಸಾಲುಸಾಲಾಗಿ ಓದಿ ನಾನು ಕಲಿತೆ. 2022ರಲ್ಲಿ ಆ ಕಂಪನಿ ಮುಚ್ಚಿತು. ಕೋಡ್ ಹಾಗೇ ಉಳಿದಿದೆ, ಜನ ಇನ್ನೂ ಕಟ್ಟುತ್ತಿದ್ದಾರೆ. ನನ್ನ ಪೆಟ್ಟಿಗೆಯೂ ನಾನು ಇಲ್ಲದಿದ್ದರೂ ನಡೆಯಬೇಕು. ಅದಕ್ಕೇ ಬೋರ್ಡನ್ನು ಕಿಕ್ಯಾಡ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಬರೆದೆ. ನಕ್ಷೆಗೆ ಸರ್ನ್ ಸಂಸ್ಥೆಯ ಓಪನ್ ಹಾರ್ಡ್‌ವೇರ್ ಲೈಸೆನ್ಸ್, ಕೋಡಿಗೆ ಜಿಪಿಎಲ್ ಲೈಸೆನ್ಸ್ ಇಟ್ಟೆ. ಯಾರು ಬೇಕಾದರೂ ಮಾಡಿ ಮಾರಬಹುದು. ತಿದ್ದಿ ಮಾರಿದರೆ ತಿದ್ದಿದ್ದನ್ನೂ ಬಿಚ್ಚಿ ಕೊಡಬೇಕು. ಸಂಖ್ಯೆಯನ್ನು ದನಿಯ ಸಿಗ್ನಲ್ ಮಾಡುವ ಡಾಕ್ ಚಿಪ್ ಮಾತ್ರ ರೆಡಿ ಬೋರ್ಡಿನದು. ಉಳಿದ ಭಾಗಗಳೆಲ್ಲ ತೂತಿನಲ್ಲಿ ಇಳಿಸಿ ಬೆಸುಗೆ ಹಾಕುವಂಥವು. ಟಿವಿ ರಿಪೇರಿ ಮಾಡುವವರ ಹತ್ತಿರ ಇರುವ ಸಾಮಾನೇ ಸಾಕು.

ಮೊದಲ ಬೋರ್ಡ್ ಬಂದಾಗ ಹೆಡ್‌ಫೋನ್ ಜ್ಯಾಕ್‌ನ ಕಾಲುಗಳ ಗುರುತು ತಿರುವುಮುರುವಾಗಿತ್ತು. ಐದೂ ಬೋರ್ಡ್ ಹೋದವು. ಎರಡನೆಯದರಲ್ಲಿ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಪಿಕೊದ ಒಳಗಿನ ಪವರ್ ಸರ್ಕ್ಯೂಟ್ ಕರೆಂಟ್ ಉಳಿಸುವ ಸ್ಥಿತಿಗೆ ಹೋದಾಗ ಏರಿಳಿತ ಜಾಸ್ತಿ. ಪಿಕೊದ 23ನೇ ಜಿಪಿಐಒ ಪಿನ್ನನ್ನು ಕೋಡಿನಿಂದ ಆನ್ ಇಟ್ಟರೆ ಅದು ಕಡಿಮೆಯಾಗುತ್ತದೆ. ಒಂದೇ ಸಾಲಿನ ಕೋಡ್. ಡಾಕ್‌ಗೂ ಬೇರೆ ರೆಗ್ಯುಲೇಟರ್ ಕೊಟ್ಟೆ. ಮಠದಲ್ಲಿ ಕರೆಂಟ್ ನೆಚ್ಚುವ ಹಾಗಿಲ್ಲ. ಆದ್ದರಿಂದ ಮೂರು ಪೆನ್ಸಿಲ್ ಸೆಲ್ ಮೇಲೆ ನಡೆಯುವ ಹಾಗೆ ಮಾಡಿದೆ. ಅವು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ.

ಪೆಟ್ಟಿಗೆಯನ್ನು ಹೊಂದಿಸುವ ಸಾಫ್ಟ್‌ವೇರ್ ಕ್ರೋಮ್ ಬ್ರೌಸರಿನಲ್ಲೇ ತೆರೆಯುತ್ತದೆ. ಒಟಿಜಿ ಕೇಬಲ್ ಹಾಕಿದರೆ ಫೋನ್ ಸಾಕು. ಮಾತು ನಡೆಯುವುದು ಎಲೆಕ್ಟ್ರಾನಿಕ್ ವಾದ್ಯಗಳ 1983ರ ಮಿಡಿ ಭಾಷೆಯಲ್ಲಿ. ಇಲ್ಲಿ ಒಂದು ವಾರ ಒದ್ದಾಡಿದೆ. ಝೇಂಕಾರವನ್ನು 127ರ ಮೇಲೆ ಇಟ್ಟರೆ ಪೆಟ್ಟಿಗೆ ಸುಮ್ಮನಾಗುತ್ತಿತ್ತು. ಮಿಡಿ ಸಂದೇಶದ ಒಳಗೆ ಒಂದು ಬೈಟ್ 127 ದಾಟುವಂತಿಲ್ಲ. ದಾಟಿದರೆ ಅದು ಹೊಸ ಆಜ್ಞೆ ಅನಿಸಿಕೊಳ್ಳುತ್ತದೆ. ದೊಡ್ಡ ಸಂಖ್ಯೆಯನ್ನು ಎರಡು ತುಂಡು ಮಾಡಿ ಕಳಿಸಿದ ಮೇಲೆ ಸರಿಹೋಯಿತು. ಪರದೆಯ ಮೇಲೆ ಎಲ್ಲ ಕನ್ನಡದಲ್ಲಿದೆ: ಆಧಾರ ಸ್ವರ, ಝೇಂಕಾರ, ಮೀಟುವ ವೇಗ. ಹಾಡುವ ಒಬ್ಬೊಬ್ಬರ ದನಿಗೂ ಒಂದು ಫೈಲ್.

ಸ್ವರ ಜರುಗಿಸುವ ನಾಬ್‌ಗೆ ಕಾಕಾ ಬಿರಡೆ ಅನ್ನುತ್ತಾರೆ, ತಂಬೂರಿಯ ತಂತಿ ಬಿಗಿಯುವ ಗೂಟದ ಹೆಸರು. ನಾವೂ ಹಾಗೇ ಕರೆಯುತ್ತೇವೆ. ಮೊದಲು ಅಲ್ಲಿ ಸಾದಾ ವಾಲ್ಯೂಮ್ ಕಂಟ್ರೋಲ್ ಇತ್ತು. ಪಿಕೊ ಅದನ್ನು ಓದುವಾಗ ಸಂಖ್ಯೆ ನಡುಗುತ್ತಿತ್ತು, ಜೊತೆಗೆ ಶ್ರುತಿಯೂ ನಡುಗುತ್ತಿತ್ತು. ತಿರುಗಿದ್ದನ್ನು ಹೆಜ್ಜೆಹೆಜ್ಜೆಯಾಗಿ ಎಣಿಸುವ ರೋಟರಿ ಎನ್‌ಕೋಡರ್ ಹಾಕಿದೆ. ನಡುಕ ಹೋಯಿತು, ಆದರೆ ತಿರುಗಿಸಿದರೆ ಕಟಕಟ ಸದ್ದು. ಕಾಕಾಗೆ ಇದು ಸೇರಲಿಲ್ಲ. "ಬಿರಡಿ ಹಿಂಗ್ ಎಣಿಸ್ಕೋತ ತಿರಗತದೇನು? ಬೆಣ್ಣಿಯಂಗ ತಿರಗಬೇಕು."

ಎರಡು ತಿಂಗಳ ನಂತರ ಶಹಾಬಾದಿನಿಂದ ಒಬ್ಬ ಹುಡುಗ ಅಂಗಡಿಗೆ ಬಂದ. ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ನನ್ನ ನಕ್ಷೆ ತೆಗೆದುಕೊಂಡು ತನ್ನ ಅಜ್ಜನಿಗೆ ಒಂದು ಪೆಟ್ಟಿಗೆ ಕಟ್ಟಿದ್ದ. ಬಿರಡೆ ತಿರುಗಿಸಿ ನೋಡಿದೆ. ಸದ್ದೇ ಇಲ್ಲ. ಎನ್‌ಕೋಡರಿನ ನಾಲ್ಕು ಲೋಹದ ಕಿವಿ ಎಬ್ಬಿಸಿ, ಒಳಗೆ ಮನೆಮನೆಗೆ ತಡೆಯುವ ಸಣ್ಣ ಸ್ಪ್ರಿಂಗ್ ತೆಗೆದು, ಮತ್ತೆ ಮುಚ್ಚಿದ್ದ. ಅಲ್ಲೇ ಬೆಂಚಿನ ಮೇಲೆ ಕೂತು ಕಾಕಾನ ಪೆಟ್ಟಿಗೆಗೂ ಮಾಡಿಕೊಟ್ಟ. ಅದರ ಫೋಟೋ ತೆಗೆದು ನಕ್ಷೆಯ ಜೊತೆ ಸೇರಿಸಿದೆ. ಅವತ್ತು ಸಂಜೆ ಕಾಕಾ ಕಣ್ಣು ಮುಚ್ಚಿ, ಗುನುಗುತ್ತಾ, ಬಿರಡೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೋದರು. ಒಂದು ಕಡೆ ಕೈ ನಿಂತಿತು. ಪರದೆ ನೋಡಿದೆ. ಕಾಳಿ ಒಂದರ ಮೇಲೆ 37 ಸೆಂಟ್.