ಅಪ್ಪ ಅಮ್ಮನ ಹೆಲ್ತ್ ಇನ್ಶೂರೆನ್ಸ್ ನೀವು ಕಟ್ಟುದಾ? ರಿಟರ್ನ್‌ನಲ್ಲಿ 80ಡಿ ಹಾಕುದು ಹೀಗೆ
ಮೊದ್ಲೇ ಹೇಳಿಬಿಡ್ತೇನೆ, 80ಡಿ (ಇನ್ಕಮ್ ಟ್ಯಾಕ್ಸ್ ಕಾಯ್ದೆಯಲ್ಲಿ ಹೆಲ್ತ್ ಇನ್ಶೂರೆನ್ಸ್ ಕಡಿತದ ಸೆಕ್ಷನ್) ಅಂದ್ರೆ ಕಟ್ಟಿದ ಪ್ರೀಮಿಯಂ ಪೂರ್ತಿ ವಾಪಸ್ ಬರುದಲ್ಲ ಮಾರಾಯ್ರೆ, ಅಷ್ಟು ಹಣ ನಿಮ್ಮ ಆದಾಯದಿಂದ ಕಳೀತಾರೆ, ಉಳಿದದ್ದಕ್ಕೆ ಟ್ಯಾಕ್ಸ್. ಮತ್ತೆ ಇದು ಓಲ್ಡ್ ರೆಜಿಮ್‌ನಲ್ಲಿ (ಟ್ಯಾಕ್ಸ್ ಲೆಕ್ಕದ ಹಳೇ ಪದ್ಧತಿ) ಮಾತ್ರ. ಈಗ ಇನ್ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಾವು ಎಂತದೂ ಮುಟ್ಟದಿದ್ರೆ ನ್ಯೂ ರೆಜಿಮ್ ಅಂತ್ಲೇ ಇರ್ತದೆ. 2025-26ರ ಆದಾಯಕ್ಕೆ ನ್ಯೂನಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ, ಹಾಗಾಗಿ ಬರೀ 80ಡಿ ನೋಡಿ ಓಲ್ಡಿಗೆ ಹಾರ್ಬೇಡಿ. ಹೋಮ್ ಲೋನ್ ಬಡ್ಡಿ, ಪಿಎಫ್, ಎಲ್ಐಸಿ ಎಲ್ಲ ಒಟ್ಟಿಗೆ ಇದ್ರೆ ಎರಡೂ ಲೆಕ್ಕ ಹಾಕಿ ನೋಡಿ.

ಲಿಮಿಟ್ ಎಷ್ಟು ಅಂದ್ರೆ ನೀವು, ಹೆಂಡತಿ ಅಥವಾ ಗಂಡ, ನಿಮ್ಮನ್ನೇ ನಂಬಿಕೊಂಡ ಮಕ್ಕಳು, ಎಲ್ಲ ಸೇರಿ 25,000. ಅಪ್ಪ ಅಮ್ಮನಿಗೆ ಬೇರೆಯೇ 25,000, ಅವರಲ್ಲಿ ಒಬ್ಬರಿಗೆ 60 ಆದ್ರೂ 50,000. ಅಪ್ಪನಿಗೆ ಪೆನ್ಷನ್ ಬರ್ತದಲ್ಲ, ನನ್ನ ಮೇಲೆ ಡಿಪೆಂಡೆಂಟ್ ಅಲ್ವಲ್ಲ ಅಂತ ಸುಮಾರು ಜನ ಇದನ್ನು ಬಿಡ್ತಾರೆ, ಅದು ಬೇಕಾಗಿಲ್ಲ, ಹಣ ನೀವು ಕಟ್ಟಿದ್ರೆ ಸಾಕು. ಅತ್ತೆ ಮಾವನದ್ದು ಮಾತ್ರ ನಿಮ್ಮ ರಿಟರ್ನ್‌ನಲ್ಲಿ ಆಗುದಿಲ್ಲ, ಅದನ್ನು ಹೆಂಡತಿ ಕಟ್ಟಿ ಅವಳ ರಿಟರ್ನ್‌ನಲ್ಲಿ ಹಾಕ್ಬೇಕು.

ನಿಮ್ಮದು 22,000, ಅಪ್ಪ ಅಮ್ಮನದ್ದು 46,000 ಅಂತ ಇಟ್ಕೊಳ್ಳಿ. ಒಟ್ಟು 68,000, 20% ಸ್ಲ್ಯಾಬ್‌ನಲ್ಲಿದ್ರೆ ಸೆಸ್ ಸೇರಿ 14,144 ರೂಪಾಯಿ ಉಳೀತದೆ. ನಿಮ್ಮ 25,000ದಲ್ಲಿ ಇನ್ನೂ 3,000 ಬಾಕಿ ಉಂಟಲ್ಲ, ಅದಕ್ಕೆ ಹೆಲ್ತ್ ಚೆಕಪ್ ಬಿಲ್ ಹಾಕ್ಬಹುದು. ಚೆಕಪ್‌ಗೆ ಹೆಚ್ಚೆಂದ್ರೆ 5,000, ಅದೂ ಲಿಮಿಟ್ ಒಳಗೇ.

ಇನ್ನು ನಾನು ಮಂಗ ಆದ ವಿಷಯ. ಅಮ್ಮ ಉಡುಪಿಯಲ್ಲಿ, ನಾನು ಮಂಗಳೂರಲ್ಲಿ, ಏಜೆಂಟ್ ಮನೆಗೇ ಬರ್ತಾರೆ ಅಂತ ಒಂದು ವರ್ಷ ಅಮ್ಮನ ಕೈಯಲ್ಲೇ ಕ್ಯಾಶ್ ಕೊಡಿಸಿದೆ, ರಶೀದಿಯೂ ಬಂತು, ಜುಲೈಯಲ್ಲಿ ಕೂತು ನೋಡಿದ್ರೆ ಕ್ಯಾಶ್ ಕಟ್ಟಿದ ಪ್ರೀಮಿಯಂಗೆ 80ಡಿ ಇಲ್ಲವೇ ಇಲ್ಲ! ಚೆಕಪ್‌ಗೆ ಮಾತ್ರ ಕ್ಯಾಶ್ ನಡೀತದೆ. ಈಗ ಯುಪಿಐಯಲ್ಲಿ ನನ್ನ ಅಕೌಂಟಿಂದಲೇ ಹಾಕ್ತೇನೆ.

ನಮ್ಮ ಕಡೆ ಮನೆಮನೆಯಲ್ಲಿ ಮಣಿಪಾಲ ಆರೋಗ್ಯ ಕಾರ್ಡ್ ಉಂಟು, ಅದರ ಹಣ ಹಾಕ್ಲಿಕ್ಕೆ ಹೋಗ್ಬೇಡಿ, ಅದು ಡಿಸ್ಕೌಂಟ್ ಕಾರ್ಡ್, ಇನ್ಶೂರೆನ್ಸ್ ಅಲ್ಲ. ನೀವು ಕೆಲಸ ಮಾಡುವ ಕಂಪೆನಿಯೇ ಕಟ್ಟುವ ಗ್ರೂಪ್ ಪಾಲಿಸಿಗೂ 80ಡಿ ಇಲ್ಲ, ಆದ್ರೆ ಅದಕ್ಕೆ ಅಪ್ಪ ಅಮ್ಮನನ್ನು ಸೇರಿಸಿ ನಿಮ್ಮ ಸಂಬಳದಿಂದ ಕಟ್ ಆಗಿದ್ರೆ ಆ ಹಣ ಬರ್ತದೆ. ಎರಡು ವರ್ಷದ್ದು ಒಟ್ಟಿಗೆ 40,000 ಕಟ್ಟಿದ್ರಾ, ವರ್ಷಕ್ಕೆ 20,000ದ ಹಾಗೆ ಭಾಗ ಮಾಡಿ. 60 ದಾಟಿದ ಅಪ್ಪ ಅಮ್ಮನಿಗೆ ಪಾಲಿಸಿಯೇ ಇಲ್ಲದಿದ್ರೆ ನೀವು ಕೊಟ್ಟ ಮದ್ದು, ಆಸ್ಪತ್ರೆ ಖರ್ಚನ್ನೇ 50,000ವರೆಗೆ ತೋರಿಸ್ಬಹುದು, ಅದೂ ಕ್ಯಾಶ್ ಅಲ್ಲದಿದ್ರೆ.

ಈಗ ಪೋರ್ಟಲ್. ಲಾಗಿನ್ ಆಗಿ ಐಟಿಆರ್-1 (ಸಂಬಳದವರು ಹಾಕುವ ರಿಟರ್ನ್ ಫಾರ್ಮ್) ತೆಗೀರಿ, ಪರ್ಸನಲ್ ಇನ್ಫರ್ಮೇಶನ್‌ನಲ್ಲಿ ನ್ಯೂ ರೆಜಿಮ್‌ನಿಂದ ಹೊರಗೆ ಬರ್ತೀರಾ ಅಂತ ಕೇಳ್ತದೆ, ಯೆಸ್ ಕೊಡಿ. ಬಿಸಿನೆಸ್ ಆದಾಯ ಇದ್ದವರು ಹೊರಗೆ ಬರ್ಲಿಕ್ಕೆ ಮೊದ್ಲು ಫಾರ್ಮ್ 10-ಐಇಎ ಹಾಕ್ಬೇಕು. ಆಮೇಲೆ ಡಿಡಕ್ಷನ್ಸ್‌ನಲ್ಲಿ 80ಡಿ ಒತ್ತಿ, ನಿಮ್ಮ ಮನೆಯಲ್ಲಿ ಸೀನಿಯರ್ ಸಿಟಿಜನ್ ಇದ್ದಾರಾ, ಅಪ್ಪ ಅಮ್ಮ ಸೀನಿಯರಾ ಅಂತ ಬೇರೆ ಬೇರೆ ಪ್ರಶ್ನೆ, ಇಲ್ಲಿ ತಪ್ಪಿದ್ರೆ ಲಿಮಿಟ್ಟೇ ತಪ್ತದೆ. ಈಗ ಇನ್ಶೂರೆನ್ಸ್ ಕಂಪೆನಿ ಹೆಸರು, ಪಾಲಿಸಿ ನಂಬರ್ ಕೂಡ ಕೇಳ್ತದೆ, ಪ್ರೀಮಿಯಂ ಸರ್ಟಿಫಿಕೇಟ್ ಹತ್ರ ಇಟ್ಕೊಂಡೇ ಕೂತ್ಕೊಳ್ಳಿ. ಆಫೀಸಿಗೆ ಪ್ರೂಫ್ ಕೊಡ್ಲಿಕ್ಕೆ ಮರ್ತು ಫಾರ್ಮ್ 16ರಲ್ಲಿ (ಸಂಬಳ, ಕಟ್ಟಾದ ಟ್ಯಾಕ್ಸ್ ತೋರಿಸಿ ಆಫೀಸು ಕೊಡುವ ಸರ್ಟಿಫಿಕೇಟ್) ಬರದಿದ್ರೂ ತೊಂದ್ರೆ ಇಲ್ಲ, ಸೀದಾ ಇಲ್ಲಿ ಹಾಕ್ಬಹುದು.

ಐಟಿಆರ್-1ಕ್ಕೆ ಕಡೇ ದಿನ ಜುಲೈ 31, ಅದು ದಾಟಿದ್ರೆ ಓಲ್ಡ್ ರೆಜಿಮೇ ಸಿಗುದಿಲ್ಲ, 80ಡಿಯೂ ಹೋಯ್ತು. ಸಬ್‌ಮಿಟ್ ಆದ್ಮೇಲೆ 30 ದಿನದೊಳಗೆ ಆಧಾರ್ ಓಟಿಪಿ ಹಾಕಿ ವೆರಿಫೈ ಮಾಡಿ, ಅಮ್ಮನ ಫೋನಿಗೆ ಓಟಿಪಿ ಹೋಗ್ತದಾ ನಿಮ್ಮದಕ್ಕಾ ಅಂತ ಮೊದ್ಲೇ ನೋಡ್ಕೊಳ್ಳಿ.